ಬೇಲ್ ಬಿಡಿಸಬೇಕು ಅಂದರೆ ಯಾವ ಬೇಲ್?

ಕೋರ್ಟು ಸುರುವಾಗುವ ಹೊತ್ತಿಗೆ ಧಾರವಾಡದ ಟೈಪಿಂಗ್ ಅಂಗಡಿಗಳಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಅಂಥದೊಂದು ಮುಂಜಾನೆ ಗದಗ ಕಡೆಯ ಹತ್ತಿ ವ್ಯಾಪಾರಿಯೊಬ್ಬರು ಬಂದು, ಕಂಕುಳಲ್ಲಿದ್ದ ಪ್ಲಾಸ್ಟಿಕ್ ಫೈಲನ್ನು ಟೇಬಲ್ ಮೇಲಿಟ್ಟರು.

“ಸರ, ಒಂದು ಅರ್ಜಿ ಆಗಬೇಕಿತ್ರಿ. ಬೇಲ್ ಬಿಡಿಸ್ಕೋಬೇಕು.”

“ಯಾರದ್ರೀ?”

“ನಮ್ಮವ್ರೀ.”

“ಎಷ್ಟ್ರೀ ಒಟ್ಟು?”

“ಹನ್ನೆರಡು.”

ಟೈಪಿಸ್ಟ್ ಜಾಮೀನು ಅರ್ಜಿಯ ನಮೂನೆ ತೆರೆದು, ಹನ್ನೆರಡು ಹೆಸರಿಗೆ ಜಾಗ ಮಾಡಿಕೊಂಡು, “ಹಾಂ, ಹೆಸರು, ತಂದಿ ಹೆಸರು, ವಯಸ್ಸು ಹೇಳ್ಕೋತ ಹೋಗ್ರಿ” ಅಂದರು. ವ್ಯಾಪಾರಿ ಅರೆಗಳಿಗೆ ಸುಮ್ಮನೆ ನಿಂತರು. “ಅವಕ್ಕ ಹೆಸರೆಲ್ಲಿಂದ ಬರಬೇಕ್ರಿ ಸರ? ಮ್ಯಾಲ ನಂಬರ್ ಹಾಕ್ಯಾರ, ನಂಬರ್ ಬರಕೊಳ್ರಿ.”

ಆ ಹನ್ನೆರಡೂ ಕಳುವಾಗಿ ಮರಳಿ ಸಿಕ್ಕಿದ್ದ ಹತ್ತಿ ಬೇಲುಗಳು. ಠಾಣೆಯ ಆವರಣದಲ್ಲಿ ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷಿಗೆ ಜಪ್ತಾದ ಮಾಲಾಗಿ ಬಿದ್ದಿದ್ದವು. ಅವನ್ನು ಬಿಡಿಸಿಕೊಳ್ಳಲು ಬಂದವರು ಆಡಿದ ಕನ್ನಡದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ, ಕೇಳಿಸಿಕೊಂಡವರ ಕಿವಿಯದೂ ತಪ್ಪಿಲ್ಲ. ‘ನಮ್ಮವ್ರೀ’ ಅನ್ನುವುದು ನಮ್ಮ ಭಾಗದ ಬಾಯಲ್ಲಿ ‘ನಮ್ಮವರು’ ಕೂಡ ಆಗುತ್ತದೆ, ‘ನಮ್ಮವು ರೀ’ ಕೂಡ ಆಗುತ್ತದೆ. ‘ಬಿಡಿಸು’ ಅನ್ನುವ ಕ್ರಿಯಾಪದಕ್ಕೆ ಮನುಷ್ಯನಾದರೇನು, ಮಾಲಾದರೇನು, ಎರಡೂ ಒಂದೇ. ನಡುವೆ ಕೂತ ‘ಬೇಲ್’ ಮಾತ್ರ ಎರಡು ಬೇರೆ ಬೇರೆ ಇಂಗ್ಲಿಷ್ ಪದ. ಒಂದರ ಕಾಗುಣಿತ ಬಿ-ಎ-ಐ-ಎಲ್, ಇನ್ನೊಂದರದು ಬಿ-ಎ-ಎಲ್-ಇ. ಇಂಗ್ಲಿಷಿನಲ್ಲೂ ಇವುಗಳ ಉಚ್ಚಾರ ಒಂದೇ, ಆದರೆ ಬರಹಕ್ಕೆ ಬಂದ ಕೂಡಲೇ ಎರಡೂ ಬೇರೆಯಾಗುತ್ತವೆ. ನಮ್ಮ ಲಿಪಿ ಉಚ್ಚಾರವನ್ನೇ ಬರೆಯುವ ಲಿಪಿ. ಹಾಗಾಗಿ ಇಂಗ್ಲಿಷಿನವರಿಗೆ ಕಾಗದದ ಮೇಲೆ ಸಿಗುವ ಅನುಕೂಲ ನಮಗೆ ಸಿಗುವುದಿಲ್ಲ. ಹತ್ತಿಯ ಸೀಮೆಯಾದ, ಹೈಕೋರ್ಟಿನ ಪೀಠವೂ ಇರುವ ಈ ಭಾಗದಲ್ಲಿ ಆ ಎರಡು ಪದಗಳೂ ದಿನಾ ಓಡಾಡುತ್ತವೆ. ಬೇರೆ ಊರಿನಲ್ಲಿ ಇದು ನಿಘಂಟಿನ ವಿಷಯ. ಇಲ್ಲಿ ಅರ್ಜಿ ತಿರುಗಿ ಬರುವ ವಿಷಯ.

ಎರಡು ಪದ, ಎರಡು ಮನೆತನ

ಹತ್ತಿಯ ಬೇಲ್ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಅದಕ್ಕೂ ಹಿಂದಿನ ಜರ್ಮ್ಯಾನಿಕ್ ಭಾಷೆಗಳಲ್ಲಿದೆ. ಚೆಂಡಿಗೆ ‘ಬಾಲ್’ ಅನ್ನುತ್ತೇವಲ್ಲ, ಅದೇ ಬೇರು. ದುಂಡಗೆ ಸುತ್ತಿ ಕಟ್ಟಿದ ಗಂಟು ಅನ್ನುವುದು ಮೊದಲ ಅರ್ಥ. ಇವತ್ತಿನ ಹತ್ತಿ ಬೇಲು ನಾಲ್ಕು ಮೂಲೆಯ ಕಲ್ಲುಗುಂಡಿನ ಹಾಗೆ ಕೂತಿರುತ್ತದೆ, ಹೆಸರಿನಲ್ಲಿ ಮಾತ್ರ ದುಂಡಗಿದೆ.

ಕೋರ್ಟಿನ ಬೇಲ್ ಕೂಡ ಹಳೆಯ ಫ್ರೆಂಚಿನ ದಾರಿಯಲ್ಲೇ ಬಂತು, ಆದರೆ ಅದರ ಬೇರು ಲ್ಯಾಟಿನ್. ಅಲ್ಲಿ ‘ಬಾಯುಲುಸ್’ ಅಂದರೆ ಹೊರೆ ಹೊರುವವನು. ‘ಬಾಯುಲಾರೆ’ ಅಂದರೆ ಹೊರೆ ಹೊರುವುದು. ಅದು ಫ್ರೆಂಚಿಗೆ ಬಂದು ‘ಕೈಗೊಪ್ಪಿಸು, ವಶಕ್ಕೆ ಕೊಡು’ ಅನ್ನುವ ಅರ್ಥ ತಾಳಿತು. ಆರೋಪಿಯನ್ನು ಸೆರೆಮನೆಯ ವಶದಿಂದ ತೆಗೆದು, ಹೊಣೆಗಾರನ ವಶಕ್ಕೆ ಒಪ್ಪಿಸುವುದೇ ಬೇಲ್. ಕೋರ್ಟಿನಿಂದ ಜಪ್ತಿಗೆ ಬರುವ ಬೇಲೀಫನ ಹುದ್ದೆಯ ಹೆಸರೂ ಇದೇ ಹೊರುವವನ ಬೇರಿನದು. ದೋಣಿಯೊಳಗೆ ತುಂಬಿದ ನೀರನ್ನು ಮೊಗೆದು ಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಬೇಲ್’ ಕೂಡ ನೀರು ಹೊರುವ ಪಾತ್ರೆಯ ಹೆಸರಿನಿಂದ, ಅಂದರೆ ಇದೇ ಮನೆತನದಿಂದ ಬಂದದ್ದು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಮರಗೋಳದ ಎಪಿಎಂಸಿಯಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಹೋಗುವವನನ್ನು ನಾವು ಹಮಾಲ ಅನ್ನುತ್ತೇವೆ. ಹಮಾಲ ಅರಬ್ಬಿ ಪದ, ಹೊರುವವನು ಅಂತಲೇ ಅರ್ಥ. ಹಾಗಾದರೆ ಹತ್ತಿಯ ಬೇಲ್ ಹೊರೆ, ಕೋರ್ಟಿನ ಬೇಲ್ ಆ ಹೊರೆಯ ಕೆಳಗಿನ ಹಮಾಲ. ಪದಗಳಾಗಿ ಇವೆರಡಕ್ಕೂ ರಕ್ತಸಂಬಂಧವಿಲ್ಲ, ಆದರೂ ಅರ್ಥದಲ್ಲಿ ಒಂದರ ಹೆಗಲ ಮೇಲೆ ಇನ್ನೊಂದು ಕೂತಿದೆ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ನಮ್ಮ ಹಳೆಯ ಪದ ‘ಹೊಣೆ’ಗೆ ಜೊತೆಯಾಗುವ ಕ್ರಿಯಾಪದ ಯಾವುದು? ಹೊಣೆ ಹೊರುವುದು. ಹೊರೆಯನ್ನೂ ಹೊರುತ್ತೇವೆ, ಹೊಣೆಯನ್ನೂ ಹೊರುತ್ತೇವೆ. ರೋಮಿನವರಿಗೆ ಹೊಳೆದದ್ದು ನಮಗೂ ಹೊಳೆದಿತ್ತು.

ಮೂರನೆಯದೊಂದು ಬೇಲ್ ಕ್ರಿಕೆಟ್ಟಿನದು, ಸ್ಟಂಪುಗಳ ಮೇಲಿನ ಗುಳ್ಳಿಯಂಥ ಎರಡು ಕಟ್ಟಿಗೆ ತುಂಡು. ಅದರ ಕಾಗುಣಿತ ಕೋರ್ಟಿನ ಬೇಲಿನದೇ, ಆದರೆ ಅರ್ಥದ ದಾರಿ ಬೇರೆ: ಅಡ್ಡಕೋಲು, ತಡೆಗೋಲು. ಕೋಟೆಯ ಹೊರಆವರಣದ ಬೇಲಿಗೂ ಇಂಗ್ಲಿಷಿನಲ್ಲಿ ಅದೇ ಸದ್ದಿನ ಪದವಿದೆ. ನಮ್ಮ ಹೊಲದ ಬೇಲಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಕು ಅನ್ನಿಸುವುದು ಸಹಜ, ಆದರೆ ಕಲ್ಪಿಸಬಾರದು. ಬೇಲಿ ಅಪ್ಪಟ ದ್ರಾವಿಡ ಪದ, ತಮಿಳಿನಲ್ಲಿ ಅದು ‘ವೇಲಿ’. ಸದ್ದು ಕೂಡಿದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ. ನಮ್ಮ ಎರಡು ಬೇಲುಗಳ ಪಾಠವೂ ಅದೇ ಅಲ್ಲವೇ.

ಇಂಗ್ಲಿಷರಿಗೂ ಈ ಗೊಂದಲ ತಪ್ಪಿದ್ದಲ್ಲ. ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದಕ್ಕೆ ಅಮೆರಿಕದವರು ಕೋರ್ಟಿನ ಕಾಗುಣಿತದಲ್ಲಿ ‘ಬೇಲ್ ಔಟ್’ ಬರೆದರೆ, ಬ್ರಿಟನ್ನಿನಲ್ಲಿ ಬಹಳ ಕಾಲ ಹತ್ತಿಯ ಕಾಗುಣಿತದಲ್ಲಿ ಬರೆದರು. ಬಾಗಿಲಿನಿಂದ ಗಂಟು ಕೆಡವಿದ ಹಾಗೆ ಅನ್ನುವ ಚಿತ್ರ ಅವರ ತಲೆಯಲ್ಲಿತ್ತು. ಬ್ಯಾಂಕು ಮುಳುಗುವಾಗ ಸರಕಾರ ಕೊಡುವ ‘ಬೇಲ್‌ಔಟ್’ ಪತ್ರಿಕೆಯಲ್ಲಿ ಬಂದಾಗ ಅದನ್ನು ಜಾಮೀನು ಅಂತ ಅನುವಾದಿಸಿದರೆ ಅರ್ಥ ಕೆಡುತ್ತದೆ. ಅದು ಕೈ ಹಿಡಿದು ಮೇಲೆತ್ತುವ ನೆರವು, ಅಷ್ಟೇ.

170 ಕಿಲೋ

ಹತ್ತಿಯ ಬೇಲನ್ನು ‘ಗಂಟು’ ಅಥವಾ ‘ಪೆಂಡಿ’ ಅಂತ ಕನ್ನಡಿಸಿದರೆ ಸಾಕಲ್ಲ ಅನ್ನುವವರಿದ್ದಾರೆ. ಸಾಲುವುದಿಲ್ಲ. ಪೆಂಡಿ ಅಂದರೆ ಕೈಯಲ್ಲಿ ಕಟ್ಟಿದ್ದು, ಹುಲ್ಲಿನದೋ ಕಣಕಿಯದೋ. ಅದಕ್ಕೆ ಗೊತ್ತಾದ ತೂಕವಿಲ್ಲ. ಬೇಲ್ ಅನ್ನುವುದು ಒಂದು ವಸ್ತುವಿನ ಹೆಸರು ಮಾತ್ರವಲ್ಲ, ಒಂದು ಅಳತೆ. ನಮ್ಮ ದೇಶದಲ್ಲಿ ಹತ್ತಿಯ ಬೆಳೆ ಇಷ್ಟು ಲಕ್ಷ ಬೇಲ್ ಅಂದರೆ ಒಂದೊಂದೂ 170 ಕಿಲೋ ಅರಳೆ, ಅಂದರೆ ಕಾಳು ತೆಗೆದ ಹತ್ತಿ ಅಂತ ಲೆಕ್ಕ. ಅಮೆರಿಕದ ಲೆಕ್ಕದ ಬೇಲ್ 480 ಪೌಂಡ್, ಅಂದರೆ ಸುಮಾರು 218 ಕಿಲೋ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರು ಇವೆರಡನ್ನೂ ಬರೇ ‘ಬೇಲ್’ ಅಂತ ಬರೆದು ಹೋಲಿಸಿದರೆ ಪ್ರತಿ ಬೇಲಿಗೆ 48 ಕಿಲೋ ಲೆಕ್ಕ ತಪ್ಪುತ್ತದೆ.

ಬ್ರಿಟಿಷರ ಕಾಲದ ಭಾರತೀಯ ಬೇಲ್ 392 ಪೌಂಡಿನದು. ಅದರ ನೆನಪು ಇನ್ನೂ ಒಂದು ಕಡೆ ಉಳಿದಿದೆ. ಹತ್ತಿ ವ್ಯಾಪಾರದಲ್ಲಿ ಅರಳೆಯ ದರ ಇವತ್ತಿಗೂ ಖಂಡಿಗೆ ಇಷ್ಟು ಅಂತ ಹೇಳುತ್ತಾರೆ. ಖಂಡಿ ಅಂದರೆ 355.62 ಕಿಲೋ, ಬಾಯಿಲೆಕ್ಕಕ್ಕೆ 356. ಈ ಬೆಸ ಸಂಖ್ಯೆ ಎಲ್ಲಿಂದ ಬಂತು ಅಂತ ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಅದು 784 ಪೌಂಡ್, ಅಂದರೆ ಸರಿಯಾಗಿ ಎರಡು ಹಳೆಯ ಬೇಲ್. ಬೇಲು 170 ಕಿಲೋಕ್ಕೆ ಇಳಿದ ಮೇಲೆ ಖಂಡಿಗೆ ಎರಡು ಬೇಲ್ ಅನ್ನುವ ಸಲೀಸು ಲೆಕ್ಕ ಹೋಯಿತು, ಈಗ ಖಂಡಿಗೆ ಎರಡು ಬೇಲಿನ ಮೇಲೆ ಸುಮಾರು 16 ಕಿಲೋ ಸೇರಿಸಬೇಕು. ಖಂಡಿಯ ದರ ನೋಡಿ ಬೇಲಿನ ಬೆಲೆ ಕಟ್ಟುವಾಗ ಎರಡರಿಂದ ಭಾಗಿಸುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ. ಭಾಗಿಸಬೇಕಾದದ್ದು 2.09ರಿಂದ.

ಈ ಸೀಮೆಗೂ ಬೇಲಿಗೂ ಹಳೆಯ ನಂಟು. ಧಾರವಾಡ ಜಿಲ್ಲೆಯಲ್ಲಿ ಬೆಳೆದ ನಾಡಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದರಿಂದ ವ್ಯಾಪಾರದಲ್ಲಿ ಅದಕ್ಕೆ ‘ಕುಮಟಾ’ ಹತ್ತಿ ಅಂತಲೇ ಹೆಸರಾಯಿತು. ಬೆಳೆದವರ ಊರು ಹಿಂದೆ ಉಳಿದು, ಹಡಗು ಹತ್ತಿಸಿದ ಊರು ಮುಂದೆ ಹೋಯಿತು. ಅಮೆರಿಕದ ತಳಿಯನ್ನು ಇಲ್ಲಿ ಒಗ್ಗಿಸಿದಾಗ ಅದಕ್ಕೆ ‘ಧಾರವಾಡ-ಅಮೆರಿಕನ್’ ಅಂದರು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಈ ಭಾಗದ ಕಡೆ ಕಣ್ಣು ತಿರುಗಿಸಿದವು. ಬೇಲ್, ಜಿನ್, ಪ್ರೆಸ್ ಅನ್ನುವ ಮಾತುಗಳು ನಮ್ಮ ಬಾಯಿಗೆ ಶಾಲೆಯ ಇಂಗ್ಲಿಷಿನಿಂದ ಬಂದವಲ್ಲ, ಸಂತೆಯಿಂದ ಬಂದವು. (ಹತ್ತಿಯಿಂದ ಕಾಳು ಬಿಡಿಸುವ ಯಂತ್ರಕ್ಕೆ ಜಿನ್ ಅನ್ನುವುದು ‘ಎಂಜಿನ್’ ಪದದ ಬಾಲ. ನಾವು ಜಿನ್ನಿಂಗ್ ಫ್ಯಾಕ್ಟರಿ ಅನ್ನುವಾಗ ಯಾರಿಗೂ ಎಂಜಿನ್ ನೆನಪಾಗುವುದಿಲ್ಲ.)

ದೀಪಾವಳಿ ಮುಗಿದ ಮೇಲೆ ಅಣ್ಣಿಗೇರಿ, ಗದಗ, ಹಾವೇರಿ ಕಡೆಯ ಯಾವ ಜಿನ್ನಿಗೆ ಹೋದರೂ ಬೇಲು ಹುಟ್ಟುವುದನ್ನು ನೋಡಬಹುದು. ಅಂಡಿಗೆಯಿಂದ ಸುರಿದ ಹತ್ತಿ ಅಂಗಳದಲ್ಲಿ ಬೆಟ್ಟದಂತೆ ಬಿದ್ದಿರುತ್ತದೆ. ಹೆಣ್ಣುಮಕ್ಕಳು ಅದರೊಳಗಿನ ಎಲೆ, ಕಾಯಿಸಿಪ್ಪೆ, ಹಳದಿ ಬಿದ್ದ ತೊಳೆ ಆರಿಸಿ ತೆಗೆಯುತ್ತಾರೆ. ಜಿನ್ನಿನಲ್ಲಿ ಎರಡು ಚರ್ಮದ ಉರುಳೆಗಳು ಅರಳೆಯನ್ನು ಹಿಡಿದೆಳೆದರೆ, ಪಟ್ಟಿಯ ಈಚೆಗೆ ಕಾಳು ಉದುರುತ್ತದೆ. ನೂರು ಕಿಲೋ ಹತ್ತಿಗೆ ಹೆಚ್ಚುಕಡಿಮೆ 34 ಕಿಲೋ ಅರಳೆ, 64 ಕಿಲೋ ಕಾಳು, ಉಳಿದದ್ದು ಕಸ. ಒಂದು ಬೇಲಿಗೆ ಸುಮಾರು ಐದು ಕ್ವಿಂಟಲ್ ಹತ್ತಿ ಬೇಕು ಅನ್ನುವ ಲೆಕ್ಕ ಇಲ್ಲಿಂದ. ಪ್ರೆಸ್ಸಿನ ಪೆಟ್ಟಿಗೆಯಲ್ಲಿ ಅರಳೆ ತುಂಬಿ, ಮೇಲಿಂದ ಮೇಲೆ ತುಳಿದು, ಕೊನೆಗೆ ಹೈಡ್ರಾಲಿಕ್ ಒತ್ತಿದಾಗ, ಒಂದು ಕೋಣೆ ತುಂಬುವಷ್ಟು ಅರಳೆ ಎರಡು ಮಂದಿ ಉರುಳಿಸುವ ಗುಂಡಾಗುತ್ತದೆ. ಒತ್ತಿಹಿಡಿದ ಆ ಹೊತ್ತಿನಲ್ಲೇ ಪ್ರೆಸ್ಸಿನ ಸಂದಿಯಲ್ಲಿ ಕೈ ತೂರಿಸಿ ತಂತಿ ಸುತ್ತಿ ಕೊಂಡಿ ಹಾಕಬೇಕು. ಪ್ರೆಸ್ ಬಿಟ್ಟ ಕೂಡಲೇ ಬೇಲು ಒಂದು ಸಲ ಉಸಿರು ಎಳೆದುಕೊಂಡ ಹಾಗೆ ಉಬ್ಬಿ ತಂತಿಗೆ ಒರಗುತ್ತದೆ. ಟಣ್ ಅಂತ ಸಣ್ಣ ಸದ್ದಾಗುತ್ತದೆ. ಅಷ್ಟು ವರ್ಷ ಅಲ್ಲೇ ಕೆಲಸ ಮಾಡಿದವರೂ ಆ ಹೊತ್ತಿನಲ್ಲಿ ಎದುರಿಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿಯುತ್ತಾರೆ. ಒಂದು ಕೊಂಡಿ ಕಳಚಿದರೆ ತಂತಿ ಚಾಟಿಯಂತೆ ಬೀಸುತ್ತದೆ.

ಕೊಂಡಿ ಯಾಕೆ ಕಳಚುತ್ತದೆ ಅಂದರೆ ಬಹಳ ಸಲ ಕಾರಣ ತೇವಾಂಶದ ಕೊರತೆ. ಅರಳೆ ತೀರಾ ಒಣಗಿದ್ದರೆ ಅದನ್ನು ಕೂಡಿಸಲು ಹೆಚ್ಚು ಒತ್ತಬೇಕು, ಬಿಟ್ಟಾಗ ಅಷ್ಟೇ ಜೋರಾಗಿ ಪುಟಿಯುತ್ತದೆ. ಹಾಗಂತ ನೀರು ಜಾಸ್ತಿ ಸಿಂಪಡಿಸಿದರೆ ಬೇಲಿನ ಹೊಟ್ಟೆಯೊಳಗೆ ಬಿಸಿ ಹುಟ್ಟಿ, ಬೂಸು ಹಿಡಿದು, ಬಿಳಿ ಅರಳೆ ಹಳದಿಯಾಗುತ್ತದೆ. ತೇವದ ಕಿಲೋ ಸೇರಿಸಿ ತೂಕ ತುಂಬಿಸಿದವರಿಗೆ ಗಿರಣಿಯವರು ದರ ಕಡಿಯುತ್ತಾರೆ. ರೈತನ ಹತ್ತಿಗೂ ಇದೇ ಕಟ್ಟಳೆ: ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ 8 ಪ್ರತಿಶತ ತೇವಾಂಶಕ್ಕೆ ಪೂರ್ತಿ ದರ, ಅಲ್ಲಿಂದ ಮೇಲೆ ಕಡಿತ, 12 ದಾಟಿದರೆ ಖರೀದಿ ಇಲ್ಲ. ಪ್ಲಾಸ್ಟಿಕ್ ಚೀಲದ ಎಳೆ ಒಂದು ಬಂದರೂ ಅದು ನೂಲಿನೊಳಗೆ ಸೇರಿ, ಬಣ್ಣ ಹಾಕಿದಾಗ ಬಟ್ಟೆಯ ಮೇಲೆ ಬಿಳಿ ಗೆರೆಯಾಗಿ ಉಳಿಯುತ್ತದೆ. ಬೇಲಿಗೆ ಹೊದಿಸುವ ಬಟ್ಟೆಯೂ ಹತ್ತಿಯದೇ ಇರಬೇಕು ಅನ್ನುವುದು ಇದಕ್ಕೆ. ಇನ್ನು ಬೆಂಕಿ. ಜಿನ್ನಿನಲ್ಲಿ ಒಂದು ಕಲ್ಲೋ ಕಬ್ಬಿಣದ ಚೂರೋ ಸಿಕ್ಕು ಕಿಡಿ ಹಾರಿ ಅರಳೆಯೊಳಗೆ ಹೋದರೆ, ಬೇಲು ಹೊರಗಿನಿಂದ ತಣ್ಣಗಿದ್ದು ಒಳಗೇ ದಿನಗಟ್ಟಲೆ ಕನಲುತ್ತದೆ. ಅನುಮಾನ ಬಂದ ಬೇಲನ್ನು ಉಳಿದವುಗಳ ಜೊತೆ ಗೋದಾಮಿನಲ್ಲಿ ಒಟ್ಟದೆ, ಬಯಲಿನಲ್ಲಿ ಬೇರೆ ಇಟ್ಟು ಕಾಯುವುದು ಅದಕ್ಕೇ.

ಕಡೆಯ ಕೆಲಸ ಗುರುತು ಹಾಕುವುದು. ಬಟ್ಟೆಯ ಮೇಲೆ ಪ್ರೆಸ್ಸಿನ ಗುರುತು, ಲಾಟ್ ನಂಬರ್, ಬೇಲಿನ ನಂಬರ್, ತಳಿ, ತೂಕ. ಟೈಪಿಂಗ್ ಅಂಗಡಿಯ ವ್ಯಾಪಾರಿ “ನಂಬರ್ ಬರಕೊಳ್ರಿ” ಅಂದದ್ದು ಇದನ್ನೇ. ಮನುಷ್ಯನಿಗೆ ಹೆಸರು, ತಂದೆಯ ಹೆಸರು, ವಯಸ್ಸು ಇದ್ದ ಹಾಗೆ ಬೇಲಿಗೆ ಇವು.

ಹೊರುವವನು

ಕೋರ್ಟಿನ ಬೇಲಿಗೆ ಕನ್ನಡದಲ್ಲಿ ‘ಜಾಮೀನು’ ಅನ್ನುವ ಚೊಕ್ಕ ಪದವಿದೆ. ಅದೂ ಹೊರಗಿನದೇ, ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು, ಆದರೆ ಎಷ್ಟೋ ತಲೆಮಾರುಗಳಿಂದ ನಮ್ಮದು. ಸಮಸ್ಯೆ ಏನೆಂದರೆ ಜಾಮೀನಿನೊಳಗೆ ಇಬ್ಬರು ಇದ್ದಾರೆ. ‘ಕೋರ್ಟ್ ಜಾಮೀನು ಕೊಟ್ಟಿತು’ ಅನ್ನುತ್ತೇವೆ, ‘ಮಾವ ಜಾಮೀನು ಕೊಟ್ಟ’ ಅಂತಲೂ ಅನ್ನುತ್ತೇವೆ. ಕೋರ್ಟ್ ಕೊಟ್ಟದ್ದು ಬಿಡುಗಡೆ, ಮಾವ ಕೊಟ್ಟದ್ದು ಹೆಗಲು. ಇಂಗ್ಲಿಷಿನಲ್ಲಿ ಮೊದಲನೆಯದು ಬೇಲ್, ಎರಡನೆಯದು ಶೂರಿಟಿ. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಜಾಮೀನು ನಿಂತ ಮನುಷ್ಯನಿಗೂ ಬೇಲ್ ಅಂತಲೇ ಕರೆಯುತ್ತಿದ್ದರು. ಲ್ಯಾಟಿನಿನ ಹಮಾಲ ಅಲ್ಲಿ ಇನ್ನೂ ಕಾಣುತ್ತಾನೆ. ನಮ್ಮ ಕಡೆ ‘ಜಾಮೀನು ಆಗು’, ‘ಜಾಮೀನು ಬೀಳು’ ಅನ್ನುವ ಮಾತುಗಳು ಮನುಷ್ಯನನ್ನೇ ಹೇಳುತ್ತವೆ. ಬರೆಯುವಾಗ ಇವನ್ನು ಉಳಿಸಿಕೊಳ್ಳಬೇಕು: ಕೋರ್ಟ್ ಜಾಮೀನು ಮಂಜೂರು ಮಾಡುತ್ತದೆ, ಮಾವ ಜಾಮೀನು ಆಗುತ್ತಾನೆ.

ಕಾನೂನಿನಲ್ಲೂ ಈ ಪದ ಬಹಳ ಕಾಲ ಬಿಡಿಸಿ ಹೇಳದೆಯೇ ಉಳಿದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬೇಲಿನ ಬಗ್ಗೆ ಒಂದು ಅಧ್ಯಾಯವನ್ನೇ ಬರೆಯಿತು, ಆದರೆ ಬೇಲ್ ಅಂದರೇನು ಅಂತ ವ್ಯಾಖ್ಯೆ ಕೊಡಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎರಡನೆಯ ಕಲಮಿನಲ್ಲೇ ಅದನ್ನು ಹೇಳಿದೆ. ಜೊತೆಗೆ ಇನ್ನೊಂದು ಉಪಕಾರ ಮಾಡಿದೆ: ಜಾಮೀನುದಾರನಿಲ್ಲದ ಮುಚ್ಚಳಿಕೆ ಬರೇ ‘ಬಾಂಡ್’, ಜಾಮೀನುದಾರನಿರುವ ಮುಚ್ಚಳಿಕೆ ‘ಬೇಲ್ ಬಾಂಡ್’. ಆದೇಶ ಓದುವಾಗ ಈ ಒಂದು ಪದ ಇದೆಯೋ ಇಲ್ಲವೋ ನೋಡಬೇಕು. ಬರೇ ಬಾಂಡ್ ಇದ್ದರೆ ಊರಿಂದ ಯಾರನ್ನೂ ಕರೆಸುವ ಕೆಲಸವಿಲ್ಲ. ಹಳೆಯ ಕಲಮುಗಳ ನಂಬರು ಬಾಯಿಪಾಠವಾದವರಿಗೆ ಹೊಸವು ಇನ್ನೂ ಒಗ್ಗಿಲ್ಲ: 436 ಈಗ 478, 437 ಈಗ 480, ನಿರೀಕ್ಷಣಾ ಜಾಮೀನಿನ 438 ಈಗ 482, ಸೆಷನ್ಸ್ ಮತ್ತು ಹೈಕೋರ್ಟಿನ 439 ಈಗ 483.

ಜಾಮೀನು ಆಗಲು ಹಳ್ಳಿಯಿಂದ ಬಂದವರು ತರುವ ಮುಖ್ಯ ಕಾಗದ ಹೊಲದ ಉತಾರ, ಅಂದರೆ ಪಹಣಿ. ಅದರ ಹನ್ನೊಂದನೆಯ ಕಾಲಮ್ಮಿನಲ್ಲಿ ಬೆಳೆಸಾಲದ ‘ಬೋಜಾ’ ಇರುತ್ತದೆ. ಬೋಜಾ ಅಂದರೂ ಹೊರೆಯೇ. ಹೊಲದ ಮೇಲೆ ಆಗಲೇ ಒಂದು ಹೊರೆ ಇರುವಾಗ ಇನ್ನೊಬ್ಬನ ಹೊರೆ ಹೊರಲು ಅದಕ್ಕೆ ಎಷ್ಟು ತ್ರಾಣ ಉಳಿದಿದೆ ಅನ್ನುವುದನ್ನೇ ಅಲ್ಲಿ ನೋಡುತ್ತಾರೆ. ಕೆಲಸ ಕೆಡುವುದು ಸಣ್ಣಸಣ್ಣ ಕಡೆ: ಉತಾರದಲ್ಲಿ ಅಡ್ಡಹೆಸರು ಇದೆ, ಆಧಾರದಲ್ಲಿ ಇಲ್ಲ, ಉತಾರ ತೀರಿಹೋದ ತಂದೆಯ ಹೆಸರಿನಲ್ಲೇ ಇದೆ, ಅಣ್ಣತಮ್ಮಂದಿರದು ಜಂಟಿ ಖಾತೆ, ಯಾರ ಪಾಲು ಎಷ್ಟು ಅಂತ ಆಗಿಲ್ಲ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಹೊಸ ಸಂಹಿತೆಯ 486ನೆಯ ಕಲಮಿನಂತೆ ಜಾಮೀನುದಾರ ತಾನು ಈಗಾಗಲೇ ಎಷ್ಟು ಜನರಿಗೆ ಜಾಮೀನು ಆಗಿದ್ದೇನೆ ಅಂತ ವಿವರ ಬರೆದುಕೊಡಬೇಕು.

ಜಾಮೀನು ಅಂದರೆ ಸೊಸೈಟಿಯ ಸಾಲದ ಜಾಮೀನು ಅಂತಲೇ ಗದಗ ಕಡೆ ಎಷ್ಟೋ ಹಿರಿಯರಿಗೆ ಮೊದಲು ಹೊಳೆಯುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದ ನೆಲ ಇದು. ಆದರೆ ಸಾಲದ ಜಾಮೀನು, ಕೋರ್ಟಿನ ಜಾಮೀನು ಒಂದೇ ಅಲ್ಲ. ಸಾಲದಲ್ಲಿ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು, ಕರಾರು ಕಾಯ್ದೆಯ 128ನೆಯ ಕಲಮು ಹಾಗೆ ಹೇಳುತ್ತದೆ. ಬ್ಯಾಂಕು ನೇರ ಅವನ ಬಾಗಿಲಿಗೇ ಬರಬಹುದು. ಕೋರ್ಟಿನಲ್ಲಿ ಅವನು ಹೊರುವುದು ಮನುಷ್ಯನನ್ನು. ತಾರೀಖಿಗೆ ಆರೋಪಿ ಬಂದರೆ ಅವನ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಬರದಿದ್ದರೆ ಬಾಂಡಿನ ಮೊತ್ತ ಮುಟ್ಟುಗೋಲು, ಕಾರಣ ಕೇಳಿ ನೋಟಿಸು. ಕೋರ್ಟು ತನ್ನ ಕಾರಣ ಬರೆದಿಟ್ಟು ಮೊತ್ತದಲ್ಲಿ ಒಂದು ಭಾಗ ಮಾಫಿ ಮಾಡಬಹುದು. ಆರೋಪಿಯ ಮೇಲೆ ನಂಬಿಕೆ ಹೋದರೆ, ಮೊದಲೇ ಅರ್ಜಿ ಹಾಕಿ ಹೊಣೆಯಿಂದ ಇಳಿಯಲು 489ನೆಯ ಕಲಮಿನಲ್ಲಿ ದಾರಿಯಿದೆ. ಈ ದಾರಿ ಗೊತ್ತಿಲ್ಲದೆ, ಓಡಿಹೋದವನ ಸಲುವಾಗಿ ರಾತ್ರಿ ನಿದ್ದೆಗೆಟ್ಟ ಜಾಮೀನುದಾರರು ಊರೂರಿಗೆ ಸಿಗುತ್ತಾರೆ.

ಹೊರುವವರೇ ಸಿಗದವರ ಕಥೆ ಬೇರೆ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗೌಂಡಿಗೆ ಸುಪ್ರೀಂ ಕೋರ್ಟ್ ಜಾಮೀನು ಮಂಜೂರು ಮಾಡಿದ ಮೇಲೂ, ಕೆಳಗಿನ ಕೋರ್ಟು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತು. ಜಾಮೀನು ಆಗಲು ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಈಗ ಜಾಮೀನೀಯ, ಅಂದರೆ ಜಾಮೀನು ಹಕ್ಕಾಗಿಯೇ ಸಿಗುವ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ಬಡವನೆಂದೇ ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು ಅಂತ ಕಾನೂನೇ ಹೇಳುತ್ತದೆ. ಹಾವೇರಿಗೆ ದುಡಿಯಲು ಬಂದು ಯಾರ ಪರಿಚಯವೂ ಇಲ್ಲದ ಕೂಲಿಕಾರನಿಗೆ ಈ ಒಂದು ಸಾಲು ಗೊತ್ತಿರಬೇಕು.

ಕ್ರಿಯಾಪದಗಳು ಕಾಯುತ್ತವೆ, ಎಲ್ಲ ಕಡೆಯಲ್ಲ

ಇಷ್ಟು ದೂರದ ಎರಡು ಅರ್ಥಗಳು ಒಂದೇ ‘ಬೇಲ್’ ಆಗಿ ಓಡಾಡಿದರೂ ದಿನನಿತ್ಯದ ಮಾತು ಹೆಚ್ಚು ತೊಡಕಿಲ್ಲದೆ ನಡೆಯುತ್ತದೆ. ಕಾರಣ ಕನ್ನಡದ ಕ್ರಿಯಾಪದಗಳು. ಬೇಲ್ ಒತ್ತಿದರು, ಹೇರಿದರು, ಇಳಿಸಿದರು, ಒಟ್ಟಿದರು ಅಂದರೆ ಅದು ಹತ್ತಿಯೇ. ಬೇಲ್ ಸಿಕ್ಕಿತು, ಮಂಜೂರಾಯಿತು, ರದ್ದಾಯಿತು ಅಂದರೆ ಕೋರ್ಟೇ. ‘ಬೇಲ್ ಮ್ಯಾಲ ಕುಂತಾನ’ ಅಂದರೆ ಗೋದಾಮು, ‘ಬೇಲ್ ಮ್ಯಾಲ ಹೊರಗ ಅದಾನ’ ಅಂದರೆ ಕೇಸು. ಇಂಗ್ಲಿಷಿನಲ್ಲಿ ಹತ್ತಿಯ ಬೇಲನ್ನು ಎಣಿಸಬಹುದು, ಕೋರ್ಟಿನದನ್ನು ಎಣಿಸುವ ಹಾಗಿಲ್ಲ. ನಮ್ಮ ವಕೀಲರು ಮಾತ್ರ “ಇವತ್ತ ಮೂರು ಬೇಲ್ ಅದಾವು” ಅಂತ ಧಾರಾಳವಾಗಿ ಎಣಿಸುತ್ತಾರೆ. ಅರ್ಜಿ ಅನ್ನುವ ಪದ ಬಾಯಲ್ಲೇ ಉಳಿದಿರುತ್ತದೆ.

ಕಾಲು ಜಾರುವುದು ಎರಡಕ್ಕೂ ಹೊಂದುವ ನಾಲ್ಕಾರು ಕ್ರಿಯಾಪದಗಳಲ್ಲಿ. ‘ಬೇಲ್ ಆಗಿಲ್ಲ ಇನ್ನೂ’ ಅನ್ನುವುದು ಪ್ರೆಸ್ಸಿನವರ ಮಾತೂ ಹೌದು, ಕೋರ್ಟಿನ ಕಟ್ಟೆಯ ಮೇಲೆ ಕೂತ ತಾಯಿಯ ಮಾತೂ ಹೌದು. ‘ಕಟ್ಟು’ ಇನ್ನೂ ಕಷ್ಟದ್ದು. ತಂತಿ ಸುತ್ತುವುದೂ ಕಟ್ಟುವುದೇ, ದುಡ್ಡು ತುಂಬುವುದೂ ಕಟ್ಟುವುದೇ. ‘ಬಿಡಿಸು’ ಅಂತೂ ಮೊದಲೇ ನೋಡಿದೆವು. ಮೊಬೈಲ್ ಮೆಸೇಜಿನಲ್ಲಿ, ಠಾಣೆಯ ಪಂಚನಾಮೆಯಲ್ಲಿ, ಅರ್ಜಿಯಲ್ಲಿ, ಅಂದರೆ ಮುಖ ನೋಡಿ ಮತ್ತೊಮ್ಮೆ ಕೇಳಲು ಆಗದ ಕಡೆಗಳಲ್ಲಿ ಈ ಕ್ರಿಯಾಪದಗಳು ಬಂದರೆ ‘ಬೇಲ್’ ಒಂಟಿಯಾಗಿ ನಿಲ್ಲಬಾರದು. ಕೋರ್ಟಿನದಕ್ಕೆ ಜಾಮೀನು ಅಂತಲೇ ಬರೆಯಬೇಕು. ಹತ್ತಿಯದಕ್ಕೆ ‘ಅರಳೆ ಬೇಲ್’ ಅಂತ ಜೋಡಿಸಬೇಕು. ‘ಹತ್ತಿ ಬೇಲ್’ ಅಂದರೂ ನಡೆಯುತ್ತದೆ, ಆದರೆ ‘ಅರಳೆ’ ಅಂದರೆ ಕಾಳು ತೆಗೆದದ್ದು ಅನ್ನುವುದೂ ಅದರಲ್ಲೇ ಬಂತು. ಹಾನಗಲ್ಲ ಕಡೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹಿಂದಿನ ಬೇಲರ್ ಕಟ್ಟಿ ಉದುರಿಸುವುದಕ್ಕೆ ‘ಹುಲ್ಲಿನ ಬೇಲ್’ ಅಂದರೆ ಆಯಿತು.

ಇವೆರಡು ಬೇಲುಗಳು ನಿಜವಾಗಿಯೂ ಎದುರುಬದುರಾಗುವ ಒಂದು ಜಾಗ ಕಾನೂನಿನಲ್ಲೇ ಇದೆ. ವ್ಯಾಪಾರಿ ತನ್ನ ಬೇಲುಗಳನ್ನು ಗೋದಾಮಿನವರ ವಶಕ್ಕೆ ಕೊಟ್ಟು ರಸೀದಿ ಪಡೆಯುತ್ತಾನಲ್ಲ, ಆ ವ್ಯವಹಾರದ ಹೆಸರು ‘ಬೇಲ್ಮೆಂಟ್’. 1872ರ ಕರಾರು ಕಾಯ್ದೆಯ 148ನೆಯ ಕಲಮು. ಇದು ಹತ್ತಿಯ ಬೇಲಿನಿಂದ ಹುಟ್ಟಿದ ಪದವಲ್ಲ, ಫ್ರೆಂಚಿನ ‘ವಶಕ್ಕೆ ಕೊಡು’ ಅನ್ನುವ ಆ ಇನ್ನೊಂದರಿಂದ ಬಂದದ್ದು. ಸಾಮಾನ್ಯ ವಿವೇಕವಿರುವವನು ತನ್ನ ಸ್ವಂತ ಮಾಲನ್ನು ಎಷ್ಟು ಜೋಪಾನ ಮಾಡುತ್ತಾನೋ, ಮಾಲು ಇಟ್ಟುಕೊಂಡವನು ಅದನ್ನು ಅಷ್ಟೇ ಜೋಪಾನದಿಂದ ನೋಡಿಕೊಳ್ಳಬೇಕು ಅಂತ 151 ಹೇಳುತ್ತದೆ. ತೇವ ತಾಗದ ಹಾಗೆ ಹಲಗೆಯ ಮೇಲೆ ಒಟ್ಟುವುದು, ಗೋಡೆಗೆ ತಾಗಿಸದೆ ಓಡಾಡಲು ದಾರಿ ಬಿಡುವುದು, ಕನಲುವ ಅನುಮಾನದ ಬೇಲನ್ನು ಬೇರೆ ಇಡುವುದು, ಇವೆಲ್ಲ ಆ ಜೋಪಾನದ ಲೆಕ್ಕಕ್ಕೇ ಬರುತ್ತವೆ.

ಆ ಟೈಪಿಂಗ್ ಅಂಗಡಿಯಲ್ಲಿ ನಮೂನೆ ಬದಲಾಯಿತು. ಮುದ್ದೆಮಾಲು ಬಿಡಿಸಿಕೊಳ್ಳುವ ಅರ್ಜಿ ಸಂಹಿತೆಯ 497 ಮತ್ತು 503ನೆಯ ಕಲಮುಗಳಡಿ ಬರುತ್ತದೆ, ಮೊದಲಿನ 451 ಮತ್ತು 457. ಕೆಡುವ, ಬೆಲೆ ಇಳಿಯುವ ಮಾಲನ್ನು ಠಾಣೆಯಲ್ಲಿ ಕೊಳೆಹಾಕದೆ ಫೋಟೊ, ಪಂಚನಾಮೆ ಮಾಡಿಸಿ ಬೇಗ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವ್ಯಾಪಾರಿ ಫೈಲಿನಿಂದ ಜಿನ್ನಿನ ಬಿಲ್ಲು, ಲಾರಿಯ ಚೀಟಿ, ತೂಕದ ಚೀಟಿ, ಗುರುತುಗಳ ಫೋಟೊ ಒಂದೊಂದಾಗಿ ತೆಗೆದು ಇಟ್ಟರು. ಟೈಪಿಸ್ಟ್ ಪ್ರತಿ ನಂಬರನ್ನೂ ಫೋಟೊಕ್ಕೆ ಹಿಡಿದು ನೋಡಿ ಹೊಡೆದರು. ಒಂದು ಅಂಕಿ ತಪ್ಪಿದರೆ ಆ ಒಂದು ಬೇಲು ಠಾಣೆಯಲ್ಲೇ ಉಳಿಯುತ್ತದೆ. ‘ತಲಾ 170 ಕಿಲೋ ತೂಕದ 12 ಅರಳೆ ಬೇಲ್‌ಗಳನ್ನು ಅರ್ಜಿದಾರರ ವಶಕ್ಕೆ ಕೊಡಬೇಕೆಂದು’ ಅಂತ ಸಾಲು ಮುಗಿಸಿ, ಪ್ರಿಂಟ್ ಕೊಡುವ ಮೊದಲು ತಲೆ ಎತ್ತಿದರು.

“ಮಾಲು ಬಿಡಬೇಕಾದ್ರೂ ಬಾಂಡ್ ಕೇಳ್ತಾರ್ರಿ. ಬೇಲಿಗೆ ಜಾಮೀನು ಯಾರು ಆಗ್ತಾರ?”

“ನಮ್ಮ ಅಣ್ಣಾರು ಬಂದಾರ್ರೀ,” ಅಂದರು ವ್ಯಾಪಾರಿ. “ಹೊರಗ ಚಾ ಕುಡ್ಯಾಕತ್ತಾರ. ಉತಾರ ತಂದಾರ, ಬೋಜಾ ಇಲ್ರಿ.”